ಗೆದ್ದವರ ಮನೆಯಲ್ಲಿ ಊಟ

ಹಳೇ ಬಾಗಿಲು ಕೊಳ್ಳೋಕೆ ಬಂದವರಿಗೆ ನಾನು ಮೊದಲು ಹೇಳುವುದು ಇದು: ಮುಂದೆ ನೋಡಬೇಡಿ ಸ್ವಾಮಿ, ತಿರುಗಿಸಿ ಹಿಂದೆ ನೋಡಿ. ಪಾಲಿಶ್ ಹೊಡೆದ ಕಡೆ ಎಲ್ಲ ಮರವೂ ತೇಗವೇ. ಹುಳ ತಿಂದಿದೆಯೋ, ಬಿರುಕಿಗೆ ಮೇಣ ಮೆತ್ತಿದ್ದಾರೋ, ಅದೆಲ್ಲ ಗೊತ್ತಾಗೋದು ಹಿಂಬದಿಯಲ್ಲಿ. ಈ ಮಾತು ನಂಬಿ ಲಾಭ ಮಾಡಿಕೊಂಡವರು ಬನಶಂಕರಿಯಿಂದ ಬಿಳೇಕಹಳ್ಳಿವರೆಗೆ ಇದ್ದಾರೆ. ನಾನು ಮಾತ್ರ ಮರ ನೋಡೋಕೆ ಓಡಿಸಿದ ಬುದ್ಧಿಯನ್ನು ಮನುಷ್ಯರನ್ನು ನೋಡೋಕೆ ಓಡಿಸಲಿಲ್ಲ.

ನಾವು ಉತ್ತರಹಳ್ಳಿ ಕಡೆಯವರು, ಊರಾಚೆಯ ಕೇರಿಯವರು. ಅಪ್ಪ ಬೇರೆಯವರ ಹೊಲದಲ್ಲಿ ದುಡಿದರು. ನಾನು ಹಳೇ ಮನೆ ಕೆಡವುವ ಕಂಟ್ರಾಕ್ಟರ್ ಹತ್ತಿರ ಸುತ್ತಿಗೆ ಹಿಡಿದು ಸೇರಿದೆ. ಗೋಡೆ ಕೆಡವಿದ ಮೇಲೆ ಬಾಗಿಲು, ಕಿಟಕಿ, ತೊಲೆ ಎಲ್ಲವನ್ನೂ ಸೌದೆ ರೇಟಿಗೆ ಕೊಟ್ಟುಬಿಡುತ್ತಿದ್ದರು. ಅದನ್ನೇ ಕೊಂಡು, ಉಜ್ಜಿ, ಮಾರಿ, ಕನಕಪುರ ರಸ್ತೆಯಲ್ಲಿ ಅಂಗಡಿ ಹಾಕಿದೆ. ಎಂಬತ್ತರ ದಶಕ ಶುರುವಾದಾಗ ಜೆ.ಪಿ. ನಗರದಲ್ಲಿ ಒಂದು ಸೈಟು, ಆಮೇಲೆ ಮನೆ. ನಡುಮನೆ ಗೋಡೆಗೆ ಬುದ್ಧನ ಪಟ. ಬೀದಿಯಲ್ಲಿ ಉಳಿದವರೆಲ್ಲ ಸಂಬಳದವರು, ಸರ್ಕಾರಿ ಕಾರ್ಖಾನೆ, ಬ್ಯಾಂಕು. ನಮ್ಮನೆ ಪಟ ನೋಡಿದವರಿಗೆ ನಾವು ಯಾವ ಜನ ಅಂತ ಬೇರೆ ಹೇಳಬೇಕಾಗಿರಲಿಲ್ಲ.

ಎಂಬತ್ತಾರರಲ್ಲಿ ಫುಟ್‌ಬಾಲ್ ವಿಶ್ವಕಪ್ ಟಿವಿಯಲ್ಲಿ ಬಂತು. ಅಷ್ಟೊತ್ತಿಗೆ ನಮ್ಮನೆಗೆ ಕಲರ್ ಟಿವಿ ಬಂದಿತ್ತು. ಎದುರುಮನೆಯಲ್ಲಿದ್ದದ್ದು ಕಪ್ಪು-ಬಿಳುಪು. ಅಲ್ಲಿದ್ದವರು ಮೆಷಿನ್ ತಯಾರಿಸುವ ಕಾರ್ಖಾನೆಯಲ್ಲಿ ಫೋರ್‌ಮನ್, ಒಳ್ಳೇ ಮಾತುಗಾರರು. ಒಂದು ಸಂಜೆ ಗೇಟಿನ ಹತ್ತಿರ ನಿಂತು, "ಏನ್ರೀ ಮರದ ಸಾಹುಕಾರ್ರೇ, ನಮ್ಮ ಟಿವೀಲಿ ಎರಡೂ ಟೀಮು ಬೂದಿ ಬಣ್ಣ. ಯಾರು ಯಾರಿಗೆ ಹೊಡೀತಿದ್ದಾರೆ ಅಂತಾನೇ ಗೊತ್ತಾಗಲ್ಲ" ಅಂದರು.

"ಬನ್ನಿ ಸಾರ್, ನಮ್ಮನೇಲಿ ನೋಡಿ" ಅಂದೆ. ಅವರು ಬಂದರು. ಮೂಲೆಮನೆಯ ಬ್ಯಾಂಕಿನವರನ್ನೂ ಕರೆತಂದರು. ಕಂಟೋನ್ಮೆಂಟ್ ಕಡೆಯ ಕೂಲಿ ಲೈನಿನಲ್ಲಿ ಬರಿಗಾಲಲ್ಲಿ ಚೆಂಡು ಒದ್ದು ಬೆಳೆದ ನನ್ನ ಭಾಮೈದ ಸೈಕಲ್ ತುಳಿದುಕೊಂಡು ಬಂದ. ಆಟ ಕ್ವಾರ್ಟರ್ ಫೈನಲ್ಲಿಗೆ ಬರುವ ಹೊತ್ತಿಗೆ, ಸುಮ್ಮನೆ ನೋಡೋದಕ್ಕಿಂತ ಪಂದ್ಯ ಕಟ್ಟೋಣ, ಯಾರು ಗೆಲ್ಲುತ್ತಾರೆ ಅಂತ ಮೊದಲೇ ಹೇಳೋಣ ಅಂತ ನಾನೇ ಶುರುಮಾಡಿದೆ.

ಬಸವನಗುಡಿಯ ಒಂದು ಬಂಗಲೆ ಕೆಡವಿದಾಗ ಸಿಕ್ಕಿದ್ದ ತೇಗದ ಬಾಗಿಲೊಂದು ನಡುಮನೆಯಲ್ಲಿ ಒರಗಿತ್ತು. ಅದರ ಕೆತ್ತನೆಗೆ ತಕ್ಕ ಬೆಲೆ ಕೊಡುವವರು ಸಿಕ್ಕಿರಲಿಲ್ಲ. ಅದನ್ನು ತಿರುಗಿಸಿ, ಹಿಂಬದಿಯ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಒಬ್ಬೊಬ್ಬರಿಗೂ ಒಂದು ಸಾಲು ಹಾಕಿದೆ: ಎದುರುಮನೆ, ಮೂಲೆಮನೆ, ಭಾಮೈದ, ನಾನು, ನನ್ನ ಹೆಂಡತಿ. ಟಿವಿ ಹಚ್ಚುವ ಮೊದಲು ಎಲ್ಲರ ಎದುರು ಟೀಮಿನ ಹೆಸರು ಹೇಳಬೇಕು, ಬರೆದ ಮೇಲೆ ಅಳಿಸುವ ಹಾಗಿಲ್ಲ. ಸರಿಯಾದರೆ ಒಂದು ಗೀಟು. ಪಂದ್ಯ ನಡೆಸುವವರಿಗೆ ಇದನ್ನು ಈಗಲೂ ಹೇಳುತ್ತೇನೆ, ಚೀಟಿಯಲ್ಲಿ ಬರೆಸಬೇಡಿ. ಬಾಯಲ್ಲಿ ಹೇಳಿಸಿ, ಗೋಡೆ ಮೇಲೆ ಬರೆಯಿರಿ, ಜಗಳ ಅರ್ಧ ಕಡಿಮೆ.

"ಗೆದ್ದೋರಿಗೆ ಏನು?" ಅಂತ ಬ್ಯಾಂಕಿನವರು ಕೇಳಿದರು.

"ದುಡ್ಡು ಇಟ್ಟರೆ ಜೂಜಾಗುತ್ತೆ" ಅಂದರು ಎದುರುಮನೆಯವರು. "ನಮ್ಮ ಕಾರ್ಖಾನೇಲಿ ಪ್ರಮೋಷನ್ ಆದೋನು ಸ್ವೀಟು ಹಂಚ್ತಾನೆ. ಹಾಗೇ ಇಟ್ಕೊಳ್ಳೋಣ. ಗೆದ್ದೋರ ಮನೇಲಿ ಎಲ್ಲರಿಗೂ ಊಟ. ನಮ್ಮನೆಯವಳ ಹೋಳಿಗೆ ತಿಂದು ನೋಡಿ, ಆಮೇಲೆ ಹೇಳಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ಲೆಕ್ಕದಲ್ಲಿ ಗೆಲ್ಲುವವರು ಅವರೇ, ತಪ್ಪಿದರೆ ಬ್ಯಾಂಕಿನವರು. ನಮ್ಮನೆಯವರು ಗೆದ್ದರೆ ಅನ್ನೋ ಮಾತು ಯಾರ ತಲೆಗೂ ಹೋಗಲಿಲ್ಲ. ನನ್ನ ತಲೆಗೂ.

ಹೆಂಡತಿಯ ತಲೆಗೆ ಹೋಗಿತ್ತು. ಆ ರಾತ್ರಿ ಪಾತ್ರೆ ತೊಳೆಯುತ್ತಾ, "ಗೆದ್ದೋರ ಮನೇಲಿ ಊಟ ಅಂದ್ರಲ್ಲ, ನಾನು ಗೆದ್ರೆ ಬರ್ತಾರಾ?" ಅಂದಳು.

"ಮಾತು ಅಂದ್ಮೇಲೆ ಮಾತು. ಯಾಕೆ ಬರಲ್ಲ?"

"ಅಲ್ಲಾ ರೀ, ನೋಡಿದ್ರಾ ನೀವು? ಸಿಪ್ಪೆ ಇರೋದು ಮಾತ್ರ ಖರ್ಚಾಗ್ತಿದೆ."

ಆಟ ನೋಡೋಕೆ ಬಂದವರಿಗೆ ಇಟ್ಟಿದ್ದ ತಟ್ಟೆಗಳ ಕಡೆ ನೋಡಿದೆ. ಅವಳು ಹೇಳಿದ್ದು ಸರಿ. ಕಡಲೆಕಾಯಿ ಖಾಲಿ, ಬಾಳೆಹಣ್ಣು ಖಾಲಿ, ಕಿತ್ತಳೆ ಖಾಲಿ. ಬೋಂಡ ಹಾಗೇ ತಣ್ಣಗೆ ಕೂತಿತ್ತು. ಟೀ ಲೋಟಗಳ ಮೇಲೆ ಕೆನೆ ಕಟ್ಟಿತ್ತು. "ಈಗ್ತಾನೆ ಊಟ ಆಯ್ತು" ಅಂತ ದಿನವೂ ಅನ್ನುತ್ತಿದ್ದರು. ಹೊತ್ತು ಮೀರಿದ ಮೇಲೆ ಎಣ್ಣೆ ಪದಾರ್ಥ ಯಾರು ತಿಂತಾರೆ ಅಂತ ನಾನು ಅವಳಿಗೆ ಸಮಾಧಾನ ಹೇಳಿದೆ. ವ್ಯಾಪಾರದಲ್ಲಿ ಗಿರಾಕಿಯ ಕಣ್ಣು ನೋಡಿ ಅವನ ಜೇಬು ಹೇಳುತ್ತಿದ್ದವನಿಗೆ ತಟ್ಟೆ ನೋಡಲು ಬರಲಿಲ್ಲ.

ಅವತ್ತಿನಿಂದ ಅವಳು ಆಟವನ್ನು ಬೇರೆ ಥರ ನೋಡತೊಡಗಿದಳು. ಮೊದಲೆಲ್ಲ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಈಗ ತಮ್ಮನ ಪಕ್ಕ ಚಾಪೆ ಮೇಲೆ ಕೂತಳು. ಅವನು ಹೇಳಿದ್ದನ್ನೆಲ್ಲ ಕೇಳಿಕೊಂಡು, ಕೊನೆಗೆ ತನಗೆ ತೋಚಿದ್ದನ್ನೇ ಬರೆಸಿದಳು. ಬ್ರೆಜಿಲ್–ಫ್ರಾನ್ಸ್ ಆಟಕ್ಕೆ ನಾವೆಲ್ಲ ಬ್ರೆಜಿಲ್. ಆ ಹಳದಿ ಅಂಗಿ ನೋಡಿದರೆ ಸಾಕು, ಕೈ ತಾನಾಗಿ ಅದನ್ನೇ ಬರೆಯುತ್ತಿತ್ತು. ಅವಳು ಮಾತ್ರ ಫ್ರಾನ್ಸ್ ಅಂದಳು.

"ಯಾಕಮ್ಮಾ?" ಅಂತ ಎದುರುಮನೆಯವರು ನಕ್ಕರು.

"ಎಲ್ಲರೂ ಕೈ ಹಾಕಿದ ಮಾಲಿಗೆ ಕೈ ಹಾಕಬಾರದು ಅಂತ ನಮ್ಮೆಜಮಾನ್ರು ಹೇಳ್ತಾರೆ ಸಾರ್. ಅವರೇ ಮರೆತಿದ್ದಾರೆ."

"ಅಕ್ಕಾ, ಸಖತ್!" ಅಂತ ಭಾಮೈದ ನನ್ನ ಬೆನ್ನಿಗೆ ಗುದ್ದಿದ. ಆಟ ಪೆನಾಲ್ಟಿವರೆಗೆ ಹೋಗಿ ಫ್ರಾನ್ಸ್ ಗೆದ್ದಾಗ ಅವಳು ಎದ್ದು ಹೋಗಿ ತನ್ನ ಸಾಲಿನಲ್ಲಿ ತಾನೇ ಗೀಟು ಎಳೆದಳು.

ಆಮೇಲೆ ಸ್ಪೇನ್ ನಂಬಿ ಕೆಟ್ಟಳು, ಸೆಮಿಫೈನಲ್ಲಿನಲ್ಲಿ ಫ್ರಾನ್ಸನ್ನು ಬಿಡದೆ ಇನ್ನೊಂದು ಕಳೆದುಕೊಂಡಳು. ಆದರೂ ಫೈನಲ್ ಹೊತ್ತಿಗೆ ಬಾಗಿಲ ಮೇಲೆ ಅವಳ ಗೀಟುಗಳೂ ಎದುರುಮನೆಯವರ ಗೀಟುಗಳೂ ಸಮ. ಉಳಿದ ನಾವು ಲೆಕ್ಕಕ್ಕಿಲ್ಲ. ಎದುರುಮನೆಯವರು ಕಣ್ಣು ಮುಚ್ಚಿ ಪಶ್ಚಿಮ ಜರ್ಮನಿ ಬರೆಸಿದರು. ಅವರ ಕಾರ್ಖಾನೆಗೆ ಜರ್ಮನ್ ಮೆಷಿನ್ ಬಂದಿತ್ತಂತೆ, ಜೊತೆಗೆ ಬಂದ ಇಂಜಿನಿಯರು ಊಟದ ಬೆಲ್ ಹೊಡೆದರೂ ಸ್ಕ್ರೂ ಬಿಟ್ಟು ಏಳುತ್ತಿರಲಿಲ್ಲವಂತೆ. "ಆ ಜನ ಸೋಲಲ್ಲ ಕಣ್ರೀ." ನನ್ನ ಹೆಂಡತಿ ಅರ್ಜೆಂಟೀನಾ ಅಂದಳು.

ಫೈನಲ್ ದಿನ ಬೀದಿಯ ಅರ್ಧ ಜನ ನಮ್ಮ ನಡುಮನೆಯಲ್ಲಿದ್ದರು. ಅರ್ಜೆಂಟೀನಾ ಎರಡು ಗೋಲು ಹೊಡೆದಾಗ ಎದುರುಮನೆಯವರು ಕಡಲೆಕಾಯಿ ಬಿಡಿಸೋದು ನಿಲ್ಲಿಸಿದರು. ಜರ್ಮನಿ ಎರಡನ್ನೂ ತೀರಿಸಿದಾಗ ಕುರ್ಚಿಯಿಂದ ಎದ್ದು, "ನೋಡಿದ್ರಾ, ಮೆಷಿನ್ ಬಿಸಿಯಾಗೋಕೆ ಟೈಮ್ ಬೇಕು!" ಅಂತ ಕೂಗಿದರು. ಅವರು ಇನ್ನೂ ಕೂತಿರಲಿಲ್ಲ, ಮೂರನೇ ಗೋಲು ಬಿತ್ತು. ಅರ್ಜೆಂಟೀನಾ. ಆಟ ಮುಗಿಯಿತು.

ಅವರು ಸೋತದ್ದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ, ಅದನ್ನು ಹೇಳಲೇಬೇಕು. ದೊಡ್ಡದಾಗಿ ನಕ್ಕು, "ಗೆದ್ರಿ ತಾಯಿ! ನಿಮ್ಮನೇಲಿ ಊಟ!" ಅಂದರು. ಅಂದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು. ನಗು ಅರ್ಧಕ್ಕೆ ನಿಂತು, ಕಾಲು ಚಪ್ಪಲಿ ಹುಡುಕಿತು.

ಮುಂದಿನ ಭಾನುವಾರ ಮಧ್ಯಾಹ್ನ ಅಂತ ಹೆಂಡತಿ ತಾನೇ ಮನೆಮನೆಗೆ ಹೋಗಿ ಅರಿಶಿನ ಕುಂಕುಮ ಕೊಟ್ಟು ಕರೆದು ಬಂದಳು. ಎಲ್ಲರೂ ತಲೆ ಅಲ್ಲಾಡಿಸಿದರು. ಅವಳು ನನ್ನನ್ನು ಜಯನಗರ ನಾಲ್ಕನೇ ಬ್ಲಾಕಿಗೆ ಎಳೆದುಕೊಂಡು ಹೋಗಿ ಹೊಸ ಪಾತ್ರೆ ಕೊಂಡಳು. ನಮ್ಮನೆ ಪಾತ್ರೆಯಲ್ಲಿ ಮಾಂಸ ಬೆಂದಿರುತ್ತೆ, ಅವರಿಗೆ ಕಸಿವಿಸಿ ಆಗಬಾರದು ಅಂತ. "ಹೊಸ ಪಾತ್ರೆ ಅಂತ ನೀವಾಗಿ ಹೇಳೋಕೆ ಹೋಗ್ಬೇಡಿ. ಕೇಳಿದ್ರೆ ನಾನು ಹೇಳ್ತೀನಿ" ಅಂದಳು. ಬೆಳಗಿನ ಜಾವಕ್ಕೇ ಎದ್ದು ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ, ಹುಳಿ, ತಿಳಿಸಾರು, ಕಾಯಿಹೋಳಿಗೆ ಮಾಡಿದಳು. ಬಾಳೆಲೆ ತೊಳೆದು ಸಾಲಾಗಿ ಹಾಸಿದಳು. ತಲೆಗೆ ಮಲ್ಲಿಗೆ ಮುಡಿದು ಬಾಗಿಲಲ್ಲಿ ನಿಂತಳು.

ಬ್ಯಾಂಕಿನವರು ಬರಲಿಲ್ಲ, ಅತ್ತೆಗೆ ಹುಷಾರಿಲ್ಲ ಅಂತ ಹೇಳಿಕಳಿಸಿದರು. ಅತ್ತೆ ಅವರ ಮನೆ ಮುಂದೆ ಹೂ ಕಟ್ಟುತ್ತಾ ಕೂತಿದ್ದು ನಮ್ಮ ಗೇಟಿನಿಂದ ಕಾಣುತ್ತಿತ್ತು. ಎದುರುಮನೆಯವರು ಬಂದರು, ಒಬ್ಬರೇ. ಜಗುಲಿ ಕಟ್ಟೆ ಮೇಲೆ ಕೂತರು.

"ಒಳಗೆ ಬನ್ನಿ ಸಾರ್, ಎಲೆ ಹಾಕಿದೆ."

"ಇವತ್ತು ನನಗೆ ಒಪ್ಪತ್ತು ಕಣ್ರೀ. ಮನೇಲಿ ಅವಳಿಗೂ ಉಪವಾಸ. ಮರೆತೇ ಹೋಗಿತ್ತು."

ಭಾಮೈದ ಸುಮ್ಮನಿರುವವನಲ್ಲ. "ಏಕಾದಶಿ ಮೊನ್ನೇನೇ ಆಯ್ತಲ್ಲ ಸಾರ್?"

"ಇದು ಬೇರೆ ವ್ರತ ಕಣಪ್ಪಾ."

"ಗೋಲು ಖಾಲಿ ಇದೆ, ಗೋಲ್‌ಕೀಪರೂ ಇಲ್ಲ. ಈ ಪೆನಾಲ್ಟೀನೂ ಆಚೆ ಹೊಡೀತೀರಲ್ಲ ಸಾರ್ ನೀವು."

"ಸುಮ್ನಿರೋ" ಅಂತ ನಾನು ಗದರಿದೆ. ಎದುರುಮನೆಯವರ ಮುಖ ಕೆಂಪಾಯಿತು. ಅವರು ನನ್ನ ಕಡೆ ತಿರುಗಿ, "ಹೀಗೆ ಮಾಡೋಣ. ಮುಂದಿನ ವಾರ ಎಲ್ಲರೂ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿನ್ನೋಣ. ಖರ್ಚು ನನ್ನದು" ಅಂದರು.

ಹೊಸಿಲಲ್ಲಿ ನಿಂತಿದ್ದ ಹೆಂಡತಿ ಅಂದಳು, "ಗೆದ್ದೋಳು ನಾನು ಸಾರ್. ಖರ್ಚು ನಿಮಗ್ಯಾಕೆ?"

ಅವರು ಜಗುಲಿ ಮೇಲೆ ತಾಂಬೂಲಕ್ಕೆ ಅಂತ ಇಟ್ಟಿದ್ದ ತಟ್ಟೆಯಿಂದ ಒಂದು ಬಾಳೆಹಣ್ಣು ತಗೊಂಡು, ಸುಲಿದು ತಿಂದರು. "ಇದು ಸಾಕಮ್ಮ, ಊಟ ಆದಂಗೇ." ಸಿಪ್ಪೆಯನ್ನು ಗೇಟಿನಾಚೆ ಹಾಕಿ ಹೋದರು.

ನಾವು ಮೂರು ಜನ ಕೂತು ಉಂಡೆವು. ಉಳಿದ ಎಲೆಗಳನ್ನು ಅವಳೇ ಒಂದೊಂದಾಗಿ ಎತ್ತಿದಳು. ಹೋಳಿಗೆಯನ್ನೆಲ್ಲ ಭಾಮೈದ ಸೈಕಲ್ ಮೇಲೆ ಉತ್ತರಹಳ್ಳಿ ಕೇರಿಗೆ ಸಾಗಿಸಿದ. ಅಲ್ಲಿ ಅವತ್ತು ಯಾರಿಗೂ ಒಪ್ಪತ್ತು ಇರಲಿಲ್ಲ.

ಜಗಳ ಅಂತ ಆಗಲಿಲ್ಲ. ಆಗಿದ್ದರೆ ಒಳ್ಳೇದಿತ್ತು ಅಂತ ಈಗ ಅನ್ನಿಸುತ್ತೆ. ಬೀದಿಯಲ್ಲಿ ಸಿಕ್ಕರೆ "ಏನ್ರೀ ಸಾಹುಕಾರ್ರೇ" ಅನ್ನುತ್ತಿದ್ದರು, ನಾನು "ಸಾರ್" ಅನ್ನುತ್ತಿದ್ದೆ. ಬಾಗಿಲು ಗೀಟುಗಳ ಸಮೇತ ನಡುಮನೆಯಲ್ಲೇ ಇತ್ತು. ಹೆಂಡತಿ ಅದನ್ನು ಒರೆಸಲಿಲ್ಲ, ನಾನೂ ಒರೆಸು ಅನ್ನಲಿಲ್ಲ.

ಮರುವರ್ಷ ಎದುರುಮನೆಯವರು ಮಹಡಿ ಕಟ್ಟಿಸಿದರು. ಒಂದು ದಿನ ಅಂಗಡಿಗೆ ಬಂದು, ಅದೂ ಇದೂ ಮುಟ್ಟಿ ನೋಡಿ, ಕೊನೆಗೆ ಹೇಳಿದರು, "ನಿಮ್ಮ ನಡುಮನೇಲಿದೆಯಲ್ಲ, ಆ ಕೆತ್ತನೆ ಬಾಗಿಲು. ನೀವು ತಿರುಗಿಸಿ ಗೀಟು ಹಾಕೋ ಮುಂಚೆನೇ ನನ್ನ ಕಣ್ಣು ಅದರ ಮೇಲಿತ್ತು. ಮಹಡಿ ಮೇಲೆ ದೇವರಮನೆ ಮಾಡಿಸ್ತಿದ್ದೀನಿ. ಕೊಟ್ಬಿಡಿ."

"ದೇವರಮನೆಗಾ? ನಮ್ಮನೇಲಿದ್ದ ಬಾಗಿಲು ಆಗುತ್ತಾ ಸಾರ್?"

"ಮರಕ್ಕೇನ್ರೀ? ಒಂದು ಕೈ ಉಜ್ಜಿ ಪಾಲಿಶ್ ಹೊಡೆದ್ರೆ ಆಯ್ತು."

ಆ ಮಾತನ್ನು ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ಉರಿದದ್ದು. ನನ್ನ ಹೆಂಡತಿಯ ಅಡುಗೆಗೆ ಇಲ್ಲದ, ಮಡಿಯಾಗೋ ದಾರಿ ಒಂದು ಹಲಗೆಗೆ ಇತ್ತು.

"ರೇಟ್ ಹೇಳಿ. ಜಾಸ್ತಿ ಎಳೀಬೇಡಿ, ಎದುರುಬದುರು ಇರೋರು" ಅಂದರು.

"ನಿಮಗೆ ದುಡ್ಡೇ ಬೇಡ ಸಾರ್" ಅಂದೆ. "ಅವತ್ತಿನ ಊಟ ಹಾಗೇ ಇದೆ. ಮನೆಯವರ ಜೊತೆ ಬಂದು ಕೂತು ಉಂಡು, ಬಾಗಿಲು ತಗೊಂಡು ಹೋಗಿ."

"ತಮಾಷೆ ಬೇಡ, ರೇಟ್ ಹೇಳ್ರೀ."

"ಅದೇ ರೇಟು."

ಅವರು ಒಂದು ಕಿಟಕಿ ಚೌಕಟ್ಟಿನ ಮೇಲೆ ಕೈಯಾಡಿಸಿದರು. ಆಮೇಲೆ "ಬರ್ತೀನಿ" ಅಂತ ಹೊರಟರು. ಬೇರೆ ಕಡೆ ಹೊಸ ಬಾಗಿಲು ಮಾಡಿಸಿದರು ಅಂತ ಬಡಗಿಯಿಂದ ತಿಳಿಯಿತು. ಹಸಿ ಮರವಂತೆ, ಮೊದಲ ಬೇಸಿಗೆಗೇ ಸೊಟ್ಟಗಾಯಿತಂತೆ. ನನಗೆ ಸಂತೋಷವಾಗಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ.

ಅವರು ಅಂಗಡಿಗೆ ಬಂದಿದ್ದ ದಿನ ಸಂಜೆ ಗೆದ್ದು ಬಂದವನ ಹಾಗೆ ಹೆಂಡತಿಗೆ ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

"ನನ್ನ ಊಟಾನ ಚೌಕಾಸಿಗೆ ಇಟ್ರಾ?"

"ಅಲ್ಲ ಕಣೇ, ಅವರಿಗೆ ಬುದ್ಧಿ ಬರಲಿ ಅಂತ—"

"ಅವರಿಗೆ ಬುದ್ಧಿ ಯಾಕೆ? ಒಂದು ಪಕ್ಷ ಹೂಂ ಅಂದು ಬಂದಿದ್ರೆ? ಬಾಗಿಲಿಗೋಸ್ಕರ ಮೂಗು ಹಿಡ್ಕೊಂಡು ಉಣ್ಣೋರಿಗೆ ನಾನು ಬಡಿಸ್ತಿದ್ದೆ ಅಂದ್ಕೊಂಡ್ರಾ? ಆವತ್ತು ಕರೆದದ್ದು ನಾನು ಗೆದ್ದಿದ್ದೆ ಅಂತ. ಬರಲಿಲ್ಲ, ಅಲ್ಲಿಗೆ ಮುಗೀತು."

ಅಷ್ಟು ಹೇಳಿ ಅವಳು ಮತ್ತೆ ಮೊರ ಎತ್ತಿಕೊಂಡಳು. ಸ್ವಲ್ಪ ಅಕ್ಕಿ ಆರಿಸಿದ ಮೇಲೆ ತಲೆ ಎತ್ತದೆ, "ಆ ಬಾಗಿಲನ್ನ ಅಡುಗೆಮನೆಗೆ ಹಾಕಿಸಿ" ಅಂದಳು.

"ಅಳತೆ ದೊಡ್ಡದು. ಗೋಡೆ ಒಡೀಬೇಕಾಗುತ್ತೆ."

"ಒಡೆಸಿ. ಕೆಡವೋದು ನಿಮಗೆ ಹೊಸದಾ?"

ಒಡೆಸಿದೆ. ಬಾಗಿಲು ಕೂರಿಸುವಾಗ ಬಡಗಿ ಸೀಮೆಸುಣ್ಣ ಒರೆಸೋಕೆ ಒದ್ದೆ ಬಟ್ಟೆ ಕೇಳಿದ. ಅವಳು ಕೊಡಲಿಲ್ಲ. ಗೀಟುಗಳು ಒಲೆಯ ಕಡೆ ಇವೆ, ಹೊಗೆ ಹಿಡಿದು ಹಳದಿಯಾಗಿವೆ. ಬೀದಿಯವರನ್ನು ಸೇರಿಸಿ ನಾನು ಆಮೇಲೆ ಪಂದ್ಯ ಕಟ್ಟಲಿಲ್ಲ.