"ಯಾವಾಗ ಬಿಡತೀ?"

ಹೀಗೆ ಕೇಳುತ್ತಿದ್ದ ನಮ್ಮ ಮೇಡಂ ಅವರ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಎಡಗೈಯದು ಎಂದು ನನ್ನ ನೆನಪು, ಬಲಗೈಯದೂ ಇರಬಹುದು. ಆ ಸೀಳಿನಲ್ಲಿ ಶೇಂಗಾದ ಕೆಂಪು ಸಿಪ್ಪೆ ಸಿಕ್ಕಿಕೊಂಡಿರುತ್ತಿದ್ದುದಂತೂ ಖಚಿತ. ಹುರಿದ ಶೇಂಗಾ ತಿಕ್ಕುತ್ತ ನಮ್ಮ ಬರಹ ಓದುವುದು ಅವರ ರೂಢಿ. ತಿದ್ದಿದ ಹಾಳೆಗಳನ್ನು ಮನೆಗೆ ತಂದು ಜಾಡಿಸಿದರೆ ಸಿಪ್ಪೆ ಉದುರುತ್ತಿತ್ತು. ಇಷ್ಟು ಗಟ್ಟಿಯಾಗಿ ನಾನು ಹೇಳಬಲ್ಲ ಸಂಗತಿಗಳು ಮುಂದೆ ಹೆಚ್ಚಿಲ್ಲ.

ಬಾಗಲಕೋಟೆಯಲ್ಲಿ ನಾನು ಎಂ.ಎ. ಕೊನೆಯ ವರ್ಷ ಓದುವಾಗ ಅವರು ನನ್ನ ಮಾರ್ಗದರ್ಶಕಿ. ಆ ವರ್ಷ ಪ್ರತಿಯೊಬ್ಬರೂ ತಾವೇ ಒಂದು ವಿಷಯ ಆರಿಸಿ, ಒಬ್ಬ ಅಧ್ಯಾಪಕರ ಕೈಕೆಳಗೆ ಸ್ವತಂತ್ರ ಅಧ್ಯಯನ ಮಾಡಬೇಕಿತ್ತು. ಮೊದಲು ಯೋಜನೆ ಬರೆದು ಒಪ್ಪಿಗೆ ಪಡೆಯಬೇಕು. ನಾನು ಆರಿಸಿದ್ದು ಇಳಕಲ್ಲಿನ ನನ್ನ ಸೋದರತ್ತೆಯ ಕೆಲಸವನ್ನು. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವವಳು ಅವಳು. ಊರು ನೇಕಾರ ಎನ್ನುವುದು ಮಗ್ಗದಲ್ಲಿ ಕೂರುವ ಮಾವನನ್ನು ಮಾತ್ರ. ಇಂಥ ವಿಷಯ ಬೇರೆ ಯಾರಿಗೂ ಹೊಳೆದಿಲ್ಲ ಎಂಬ ಹೆಮ್ಮೆ ನನಗಿತ್ತು.

ಮೇಡಂ ನನ್ನ ಯೋಜನೆಯನ್ನು ನಾಲ್ಕು ಸಲ ತಿರುಗಿ ಕೊಟ್ಟರು. ವಾರವಾರದ ವೇಳಾಪಟ್ಟಿ, ಓದುವ ಪುಸ್ತಕ, ಕೇಳುವ ಪ್ರಶ್ನೆ ಎಲ್ಲ ಇದ್ದವು. ಆದರೂ ಕೊನೆಗೆ ಅವರದೊಂದು ಮಾತು.

"ಇದನ್ನ ಯಾವಾಗ ಬಿಡತೀ?"

"ಯಾವಾಗ ಮುಗಸ್ತೇನಿ ಅಂತ ಬರದೇನಲ್ರಿ."

"ಮುಗಸೂದಲ್ಲ ತಂಗಿ, ಬಿಡೂದು. ಏನು ಆದ್ರ ಕೈ ಬಿಡತೀ, ಅದನ್ನ ಬರಿ. ಬಿಡಾಕ ಬರಲಿಲ್ಲಂದ್ರ ಅದು ಅಧ್ಯಯನ ಅಲ್ಲ, ಹಟ."

ಈ ಪ್ರಶ್ನೆಯನ್ನು ಅವರು ಎಲ್ಲರಿಗೂ ಕೇಳುತ್ತಿದ್ದರಂತೆ. ಆಗ ನನಗದು ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಮರೆತಿದ್ದೇನೆ. ಅನಿಸಿದ್ದು ಒಂದೇ: ನಾನು ಬಿಡುವುದು ಇವರಿಗೆ ಬೇಕಾಗಿದೆ. ಜೊತೆಗೆ ಓದುತ್ತಿದ್ದ ಗೆಳತಿ ಅದಕ್ಕೆ ಗಾಳಿ ಹಾಕಿದಳು. "ನೀ ಬಿಟ್ಟ ಮರುವರ್ಷ ಇದು ಅವರ ಹೆಸರಿಲೇ ಅಚ್ಚಾಗಿ ಬರತೈತಿ ನೋಡು. ಒಂದು ಶೇಂಗಾ ಬಿಡಲಾರದಾಕಿ ನಿನ್ನ ವಿಷಯ ಬಿಡತಾಳೇನು?"

ಬೇಸತ್ತು ಒಂದು ಸಾಲು ಬರೆದುಕೊಟ್ಟೆ: 'ಅತ್ತೆ ಬೇಡ ಎಂದರೆ ಬಿಡುತ್ತೇನೆ.' ಅದು ನಡೆಯದ ಮಾತು. ಮೊದಲೇ ಕೇಳಿದಾಗ ಅತ್ತೆ, "ನಿನಗ ಹೆಂಗ ಇಲ್ಲ ಅನ್ಲೆವಾ" ಎಂದು ನಕ್ಕಿದ್ದಳು.

ಮುಂದಿನ ವಾರ ಇಳಕಲ್ಲಿಗೆ ಹೋದರೆ ಅತ್ತೆ ಎಳೆ ಜೋಡಿಸುತ್ತಲೇ ಹೇಳಿದಳು.

"ನಿಮಗ ಕಲಸೂ ಅಕ್ಕೋರು ಬಂದಿದ್ರು. ಪಾಪ, ಅಂಥಾ ಬಿಸಲಾಗ ಬಸ್ ಹಿಡದು ಬಂದಿದ್ರು. ತಾಸೊತ್ತು ಕುಂತು ಹೋದ್ರು."

"ಏನ್ ಕೇಳಿದ್ರು?"

"ಏನಿಲ್ಲವಾ. ಹಂಗ ಮಾತಾಡಿದ್ವಿ."

ನನಗೊಂದು ಮಾತು ಹೇಳದೆ ನನ್ನ ಅತ್ತೆಯ ಮನೆಗೆ. ತಿರುಗಿ ಬರುವಾಗ ಬಸ್ಸು ಅಮೀನಗಡ ದಾಟುವುದರೊಳಗೆ ಆಡಬೇಕಾದ ಮಾತನ್ನೆಲ್ಲ ಹೊಂದಿಸಿಕೊಂಡಿದ್ದೆ. ಮರುದಿನ ಮೇಡಂ ಎದುರು ನಿಂತು, "ನನ್ನ ವಿಷಯ ನಿಮಗ ಬೇಕಾಗಿತ್ತಂದ್ರ ನನ್ನನ್ನ ಕೇಳಬೇಕಿತ್ರಿ" ಎಂದೆ. ಹೀಗೇ ಅಂದೆನೋ, ಇದಕ್ಕಿಂತ ಕೆಟ್ಟದಾಗಿ ಅಂದೆನೋ. ಅವರು ಸಿಟ್ಟಾಗಲಿಲ್ಲ.

"ಆಕಿ ಬ್ಯಾಡ ಅಂದ್ರ ಬಿಡತೇನಿ ಅಂತ ನೀನ ಬರದೀ. ನೀ ಆಕಿ ತವರಮನಿ ಹುಡುಗಿ. ನಿನ್ನ ಮಾರಿ ನೋಡಿ ಬ್ಯಾಡ ಅಂತಾಳೇನು? ಅದಕ್ಕ ನಾ ಹೋಗಿ ಕೇಳಿದೆ."

"ಏನಂದ್ಲು?"

"ವಿಷಯ ಬದಲಿ ಮಾಡು."

"ಅತ್ತಿ ಏನಂದ್ಲು, ಅದನ್ನ ಹೇಳ್ರಿ."

"ನಿನಗ ಹೇಳೂದಿದ್ರ ಆಕಿನೇ ಹೇಳತಿದ್ಲು."

ಬದಲಿಸಿದೆ. ಹುನಗುಂದದಲ್ಲಿ ನಮ್ಮ ಬಳಗದವರಲ್ಲದ ನೇಕಾರರ ಮನೆಗಳಿಗೆ ಹೋಗಿ ಕೆಲಸ ಮುಗಿಸಿದೆ. ಮೊದಲ ದಿನವೇ ಒಬ್ಬಾಕೆ, "ನಮ್ಮ ಮನಿ ಮಾತು ಬರೀಬ್ಯಾಡ್ರಿ" ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳು. ಅಷ್ಟು ಸಲೀಸಾಗಿ ನಮ್ಮ ಮನೆಯ ಹೆಂಗಸರು ಯಾರೂ ನನಗೆ ಇಲ್ಲ ಅಂದದ್ದು ನೆನಪಿಲ್ಲ.

ಆದರೂ ಅನುಮಾನ ಹೋಗಲಿಲ್ಲ. ವರ್ಷಗಟ್ಟಲೆ ಮೇಡಂ ಬರೆದ ಪ್ರತಿ ಲೇಖನವನ್ನೂ ತೆಗೆದು ಅದರೊಳಗೆ ಅತ್ತೆಯನ್ನು ಹುಡುಕಿದೆ. ಒಂದು ಸಾಲೂ ಇರಲಿಲ್ಲ. ಇಲ್ಲದಿದ್ದಾಗ, ಎಲ್ಲಿ ಬಚ್ಚಿಟ್ಟಿದ್ದಾರೋ ಅನಿಸುತ್ತಿತ್ತು. ಈಗ ನಾನೂ ಕಾಲೇಜಿನಲ್ಲಿ ಕಲಿಸುತ್ತೇನೆ. ಯೋಜನೆ ತಂದವರಿಗೆಲ್ಲ "ಯಾವಾಗ ಬಿಡತೀರಿ?" ಎಂದು ಕೇಳುತ್ತೇನೆ. ಅದು ಯಾರ ಪ್ರಶ್ನೆ ಎಂದು ಇದುವರೆಗೆ ಒಬ್ಬರಿಗೂ ಹೇಳಿಲ್ಲ.

ಹೋದ ವರ್ಷ ಮೇಡಂ ತೀರಿಕೊಂಡರು. ಆ ವಾರವೇ ಇಳಕಲ್ಲಿಗೆ ಹೋಗಿ ಅತ್ತೆಗೆ ಸುದ್ದಿ ಹೇಳಿದೆ. ಅವಳು ಕೈಯಲ್ಲಿದ್ದ ಎಳೆ ಬಿಟ್ಟು, "ಭಾಳ ಚಲೋ ಹೆಣ್ಮಗಳು" ಎಂದಳು. ಒಂದೇ ಒಂದು ಸಲ ಕಂಡವರ ಬಗ್ಗೆ ಹಾಗೆ ಹೇಳುವಂಥದ್ದು ಆ ಒಂದು ತಾಸಿನಲ್ಲಿ ಏನು ನಡೆದಿತ್ತು?

"ಅತ್ತಿ, ಖರೆ ಹೇಳು. ಅವತ್ತ ಅಕ್ಕೋರ ಮುಂದ ನೀ ಬ್ಯಾಡ ಅಂದಿದ್ದಿ ಹೌದೋ ಅಲ್ಲೋ?"

ಅತ್ತೆ ಬಿಟ್ಟಿದ್ದ ಎಳೆಯನ್ನು ಮತ್ತೆ ಎತ್ತಿಕೊಂಡು ಕೊಂಡಿ ಹಾಕತೊಡಗಿದಳು. ಆಮೇಲೆ ಫೋನಿನಲ್ಲೂ ಎರಡು ಸಲ ಕೇಳಿದೆ. ಎರಡೂ ಸಲ ಅತ್ತೆ, "ನೀ ಊರಿಗೆ ಯಾವಾಗ ಬರತೀ, ಅದನ್ನ ಹೇಳು" ಎಂದಳು.