ಬಾಗಿಲ ಹೊರಗಿನ ಇಟಲಿ

ಬಾಯಮ್ಮನ ಎಡತೋಳು ಬಲತೋಳಿಗಿಂತ ದಪ್ಪ. ನೋಡಿದವರಿಗೆ ಥಟ್ಟನೆ ತಿಳಿಯುತ್ತಿರಲಿಲ್ಲ, ಕುವೈತಿನ ನಮ್ಮ ಫಹಾಹೀಲಿನ ದರ್ಜಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. "ಭಾಯಿ, ಲೆಫ್ಟ್ ಸೈಡ್ ಥೋಡಾ ಲೂಸ್" ಎಂದು ಪ್ರತಿಸಲ ಹೇಳಿ, ಚೂಡಿದಾರದ ಒಂದು ತೋಳನ್ನು ಅಗಲ ಹೊಲಿಸಿಕೊಳ್ಳುತ್ತಿದ್ದರು. ನಡೆಯಲಾಗದ ಒಬ್ಬ ಕುವೈತಿ ಮುದುಕಿಯನ್ನು ವರ್ಷಗಟ್ಟಲೆ ಆ ತೋಳಿಗೆ ಒರಗಿಸಿಕೊಂಡು, ಬಲಗೈಯಲ್ಲಿ ಉಣ್ಣಿಸಿ ಉಣ್ಣಿಸಿ ದಪ್ಪಗಾದ ತೋಳು ಅದು.

ಬಾಯಮ್ಮ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದರು. ನಮ್ಮ ಮಂಗಳೂರು ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ, ಬಾಯಮ್ಮ ಎನ್ನುವುದು ವಾಡಿಕೆ, ನಾನೂ ಹಾಗೇ ಕರೆದೆ. ಬೆಳಿಗ್ಗೆ ಆ ಮುದುಕಿಯ ಮನೆಯ ಡ್ರೈವರ್ ಬಂದು ಕರೆದೊಯ್ದರೆ ವಾಪಸಾಗುವುದು ಕತ್ತಲಾದ ಮೇಲೆ. ಮುದುಕಿಯನ್ನು ಮನೆಯವರೆಲ್ಲ 'ಮಾಮಾ ಔದಾ' ಎನ್ನುತ್ತಿದ್ದರು, ಅಂದರೆ ದೊಡ್ಡಮ್ಮ. ಬಾಯಮ್ಮನಿಗೂ ಅವರು ಮಾಮಾ ಔದಾನೇ.

ಬೇಸಿಗೆಯಲ್ಲಿ ಕುವೈತ್ ಕಾದ ಕಾವಲಿಯಾದಾಗ ಉಳ್ಳವರು ತಂಪು ಊರು ಹುಡುಕಿ ಹೊರಡುತ್ತಾರೆ. ಮುದುಕಿಯ ಮಗ ಇಟಲಿಯ ಕೋಮೋ ಸರೋವರದ ದಡದ ಪುಟ್ಟ ಊರೊಂದರಲ್ಲಿ ಪ್ರತಿವರ್ಷ ಅದೇ ಮನೆಯನ್ನು ಬಾಡಿಗೆಗೆ ಹಿಡಿಯುತ್ತಿದ್ದ. ಅವನ ಜೊತೆ ತಾಯಿ, ತಾಯಿಯ ಜೊತೆ ಬಾಯಮ್ಮ. ಇಲ್ಲಿ ಎಸಿಯ ಗೊರಗೊರ ಕೇಳುತ್ತ ಬಿದ್ದಿರುವ ನನಗೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ? ಅವರು ತಿರುಗಿ ಬಂದಾಗ "ಇಟಲಿ ಬಾಯಮ್ಮ ಬಂದ್ರು, ದಾರಿ ಬಿಡಿ" ಎಂದು ಕಾಡಿಸುತ್ತಿದ್ದೆ.

ಆದರೆ ಅವರು ಹೇಳುವುದನ್ನು ಕೇಳುತ್ತ ಕೂತರೆ ಊಟ ಮರೆತುಹೋಗುತ್ತಿತ್ತು. ಮೆಟ್ಟಿಲುಗಳೇ ಓಣಿಯಾದ ಊರು, ಅಂಗಡಿಗಳ ಮುಂದಿನ ಕಮಾನಿನ ಸಾಲು, ಚೌಕದಲ್ಲಿ ಕಪ್ಪು-ಬಿಳಿ ಕಲ್ಲಿನ ಪಟ್ಟೆ ಗೋಡೆಯ ಹಳೇ ಇಗರ್ಜಿ. ಅದರ ಬಾಗಿಲ ಕಂಬಗಳನ್ನು ಬೆನ್ನ ಮೇಲೆ ಹೊತ್ತು ಮಲಗಿದ ಎರಡು ಕಲ್ಲಿನ ಸಿಂಹ. "ಎಡಗಡೆಯದ್ದಕ್ಕೆ ಪಾಪ ಮೂಗೇ ಇಲ್ಲ. ನೂರಾರು ವರ್ಷದ ಮಳೆಗೆ ಸವೆದುಹೋಗಿದೆ. ಆದ್ರೂ ಹಲ್ಲು ಕಿರಿಯುದು ಬಿಡ್ಲಿಲ್ಲ ಮಾರಾಯ್ತಿ" ಎಂದು ತಾವೇ ಹಾಗೆ ಹಲ್ಲು ಕಿರಿದು ತೋರಿಸುತ್ತಿದ್ದರು.

ಒಂದು ವರ್ಷ ನಾವೂ ಅಲ್ಲಿಗೆ ಹೋಗುವುದೆಂದಾಯಿತು. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ದುಡಿಯುವ ನನ್ನ ಗಂಡನಿಗೆ ಹೇಗೋ ರಜೆ ಸಿಕ್ಕಿತ್ತು. ಬಾಯಮ್ಮ ನಮ್ಮ ಅಡುಗೆಮನೆಯ ಮೇಜಿನ ಮೇಲೆಯೇ ಊರು ಕಟ್ಟಿದರು. ಬಟ್ಟಲು ಸರೋವರ, ದೋಸೆ ಸಟ್ಟುಗ ಓಣಿ, ಕವುಚಿಟ್ಟ ಲೋಟ ಗಂಟೆಗೋಪುರ. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷು. ಅವಳು ಕೇಳಿದಳು: "ವಾಟ್ಸ್ ಇನ್‌ಸೈಡ್ ದ ಚರ್ಚ್, ಆಂಟಿ?"

"ಗೊತ್ತಿಲ್ಲ ಮಗಾ. ನಾನು ಒಳಗೆ ಹೋಗ್ಲಿಲ್ಲ."

ನಾನು ತಮಾಷೆಯೆಂದುಕೊಂಡು ನಕ್ಕೆ. ಅವರು ನಗಲಿಲ್ಲ.

"ಮಧ್ಯಾಹ್ನ ಮಾಮಾ ಔದಾ ಮಲಗಿದ ಮೇಲೆಯೇ ನನಗೆ ಪುರುಸೊತ್ತು. ಆ ಹೊತ್ತಿಗೆ ಇಗರ್ಜಿಗೆ ಬೀಗ. ಪಾದ್ರಿಗಳೂ ಊಟ ಮಾಡ್ಬೇಕಲ್ಲ? ಸಂಜೆ ಬಾಗಿಲು ತೆರೀವಾಗ ಇವರಿಗೆ ಎಚ್ಚರ ಆಗಿರ್ತದೆ. ಎಚ್ಚರ ಇರುವಾಗ ನಾನು ಅವರ ಕಣ್ಣಿಗೆ ಬೀಳ್ತಾ ಇರ್ಬೇಕು. ಇಗರ್ಜಿ ಮೆಟ್ಟಿಲ ಮೇಲೆ ಕೂತ್ರೆ ಎದುರು ನಮ್ಮ ಮನೆ ಕಿಟಕಿಯಿಂದ ಅವರಿಗೆ ಕಾಣ್ತದೆ. ಒಳಗೆ ಹೋದ್ರೆ ಕಾಣ್ಲಿಕ್ಕುಂಟಾ?"

ಒಮ್ಮೆ ಮನೆಯವರೇ ಬಲವಂತ ಮಾಡಿ ಸಂಜೆ ಪೂಜೆಗೆ ಕಳಿಸಿದ್ದರಂತೆ. ಹೊಸ್ತಿಲು ದಾಟುವ ಮೊದಲೇ ಮುದುಕಿಯ ಕೂಗು ಚೌಕದ ತುಂಬ ಕೇಳಿತು. ಓಡಿ ಬಂದ ಬಾಯಮ್ಮನ ಮಣಿಕಟ್ಟನ್ನು ಮುದುಕಿ ಗಟ್ಟಿಯಾಗಿ ಹಿಡಿದುಕೊಂಡು, "ರೂಹಿ, ರೂಹಿ" ಎಂದಳಂತೆ. ಹೋಗು, ಹೋಗು ಎಂದರ್ಥ. ಹಾಗೆನ್ನುತ್ತಲೇ ಕೈ ಮಾತ್ರ ಬಿಡಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಗಂಟೆಯೇ ಬಾರಿಸದ ಈ ದೇಶದಲ್ಲಿ ಪ್ರತಿ ಶುಕ್ರವಾರ ಅಹ್ಮದಿಯ ಇಗರ್ಜಿಯ ಪೂಜೆ ಅವರಿಗೆ ತಪ್ಪುತ್ತಿರಲಿಲ್ಲ, ಆ ದಿನ ಮುದುಕಿಯ ಹೆಣ್ಣುಮಕ್ಕಳು ಬಂದು ತಾಯಿಯ ಸುತ್ತ ಕೂರುತ್ತಿದ್ದರು. ಗಂಟೆ ಬಾರಿಸುವ ದೇಶದಲ್ಲಿ ಇವರು ಮೆಟ್ಟಿಲಿನ ಮೇಲೆ! "ಇದೆಂಥ ದಬ್ಬಾಳಿಕೆ ಬಾಯಮ್ಮ?" ಎಂದೆ.

"ದಬ್ಬಾಳಿಕೆ ಅಲ್ಲ, ಹೆದರಿಕೆ. ಹೆದರಿದವರ ಹತ್ರ ಎಂತ ಜಗಳ?" ಎಂದು ಲೋಟ ಎತ್ತಿ ಸಿಂಕಿಗೆ ಹಾಕಿದರು.

ನಾವು ಹೋದೆವು, ಎಲ್ಲವನ್ನೂ ನೋಡಿದೆವು. ಮೂಗಿಲ್ಲದ ಸಿಂಹವನ್ನು ಸವರಿ ಇಗರ್ಜಿಯ ಒಳಗೂ ಹೋಗಿ ಬಂದೆವು. ಫಹಾಹೀಲಿಗೆ ಮರಳಿದವಳೇ ಹೇಳಲು ಬಾಯಿ ತೆರೆದರೆ, ಬಾಯಮ್ಮ ಎರಡೂ ಕಿವಿ ಮುಚ್ಚಿಕೊಂಡರು. "ಹೇಳ್ಬೇಡ, ಹೇಳ್ಬೇಡ! ಒಂದಲ್ಲ ಒಂದು ದಿನ ನಾನೇ ನೋಡ್ತೇನೆ."

ಮುಂದಿನ ಬೇಸಿಗೆಯಲ್ಲಿ ಮಾಮಾ ಔದಾ ಆ ಊರಿನಲ್ಲೇ, ಮಧ್ಯಾಹ್ನದ ನಿದ್ದೆಯಲ್ಲಿ ತೀರಿಕೊಂಡರು. ಶವದ ಜೊತೆ ಕುವೈತಿಗೆ ಬಂದ ಬಾಯಮ್ಮ, ಕೆಲವು ದಿನಗಳ ನಂತರ ನಾವಿಬ್ಬರೂ ಸಮುದ್ರದ ಬದಿ ಕೂತಿದ್ದಾಗ ತಾವಾಗಿಯೇ ಮಾತು ತೆಗೆದರು. ಸಾವಿನ ದಿನ ಗಂಡಸರು ಕಾಗದಪತ್ರಕ್ಕೆಂದು ಓಡಾಡುತ್ತಿದ್ದರಂತೆ, ಮನೆಯ ಹೆಂಗಸರು ಹಾಸಿಗೆಯ ಬಳಿ ಪ್ರಾರ್ಥನೆ ಮಾಡುತ್ತಿದ್ದರಂತೆ. ಇವರಿಗೆ ಮೊದಲ ಬಾರಿಗೆ ಮಾಡಲು ಏನೂ ಕೆಲಸವಿರಲಿಲ್ಲ. ನಡೆದು ಇಗರ್ಜಿಯ ಬಾಗಿಲಿಗೆ ಹೋದರು. ಸಂಜೆಯಾಗಿತ್ತು, ಬಾಗಿಲು ತೆರೆದಿತ್ತು, ಒಳಗೆ ಮೇಣದ ಬತ್ತಿ ಉರಿಯುತ್ತಿತ್ತು.

"ಅಂತೂ ನೋಡಿದ್ರಿ" ಎಂದೆ.

"ಇಲ್ಲ, ತಿರುಗಿ ಬಂದೆ. ಅವತ್ತು ಒಳಗೆ ಹೋದ್ರೆ, ಇವರು ಯಾವಾಗ ಸಾಯ್ತಾರೆ ಅಂತ ನಾನು ಇಷ್ಟು ವರ್ಷ ಕಾದು ಕೂತ ಹಾಗೆ ಆಗುದಿಲ್ವಾ?"



ಕೆಲಸ ಮುಗಿದ ಮೇಲೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿಯೂ ಖಲಾಸ್. ಬಾಯಮ್ಮ ಊರಿಗೆ, ತಂಗಿಯ ಮನೆಗೆ ಹೋದರು. ಮುಂದಿನ ಸಲ ನಮ್ಮ ಜೊತೆ ಇಟಲಿಗೆ ಕರೆದೊಯ್ಯುತ್ತೇನೆಂದು ನಾನು ಹೇಳುತ್ತಲೇ ಇದ್ದೆ, ಅವರೂ ಹೂಂಗುಟ್ಟುತ್ತಲೇ ಇದ್ದರು. ಅಷ್ಟರಲ್ಲಿ ಅವರೇ ಹಾಸಿಗೆ ಹಿಡಿದರು. ಒಂದು ದಿನ ಫೋನಿನಲ್ಲಿ ದನಿ ತೀರಾ ಸಣ್ಣಗಾಗಿತ್ತು.

"ಈಗ ಹೇಳು ಮಾರಾಯ್ತಿ. ಒಳಗೆ ಎಂತ ಉಂಟು?"

ಹೇಳಿದೆ. ನೀಲಿ ಬಣ್ಣದ ಕಮಾನು ಚಾವಣಿ, ಅದರಲ್ಲಿ ಮಾಸಿದ ಚಿನ್ನದ ನಕ್ಷತ್ರಗಳು, ಗೋಡೆಯಲ್ಲಿ ಅರ್ಧ ಅಳಿದ ಸಂತರ ಚಿತ್ರ, ಕಪ್ಪಾದ ಮರದ ಬೆಂಚುಗಳು. ನೆನಪಾದದ್ದನ್ನೆಲ್ಲ ಹೇಳುತ್ತ ಹೋದೆ. ಅವರು ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಬೆಂಚಿನಲ್ಲಿ ಕೂತ್ರೆ ಮಾಮಾ ಔದಾನ ಕಿಟಕಿ ಕಾಣ್ತದಾ?"

ಅದನ್ನು ನಾನು ನೋಡಿರಲಿಲ್ಲ. ನೋಡಬೇಕೆಂದು ನನಗೆ ಹೊಳೆದಿರಲೂ ಇಲ್ಲ. "ಹೋದಾಗ ನೋಡಿ ಹೇಳ್ತೇನೆ" ಎಂದೆ. ಕ್ರಿಸ್ಮಸ್‌ಗೆ ಮುಂಚೆ ಬಾಯಮ್ಮ ಹೋಗಿಬಿಟ್ಟರು. ಮಣ್ಣಿಗೂ ನನಗೆ ಹೋಗಲಾಗಲಿಲ್ಲ, ಆ ಸಂಕಟ ಇನ್ನೂ ಇದೆ.

ಈ ಬೇಸಿಗೆಯಲ್ಲಿ ಗಂಡನ ಬೆನ್ನು ಬಿದ್ದು ಮತ್ತೆ ಆ ಊರಿಗೆ ಹೋದೆ. ಸಂಜೆ ಇಗರ್ಜಿಯೊಳಗೆ ಹೋಗಿ, ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂತು ತೆರೆದ ಬಾಗಿಲಿನಾಚೆ ತಿರುಗಿ ನೋಡಿದೆ. ಚೌಕದಾಚೆ ಮಾಮಾ ಔದಾ ಇರುತ್ತಿದ್ದ ಹಳದಿ ಮನೆ, ಅದರ ಕಿಟಕಿ ಪೂರ್ತಿ ಕಾಣುತ್ತಿತ್ತು. ಆದರೂ ಸಮಾಧಾನವಾಗಲಿಲ್ಲ. ಇಲ್ಲಿಂದ ಕಂಡರೇನು, ಅಲ್ಲಿಂದ ಕಾಣಬೇಕಲ್ಲ? ಮನೆ ಖಾಲಿಯಿತ್ತು. ಅದನ್ನು ನೋಡಿಕೊಳ್ಳುವವನಿಗೆ ಗೋಗರೆದು ಮಗಳನ್ನು ಮೇಲೆ ಕಳಿಸಿದೆ.

ಅವಳು ಕಿಟಕಿಯಿಂದ ಕೈಬೀಸಿ, ಚೌಕದ ತುಂಬ ಕೇಳುವಂತೆ ಕೂಗಿದಳು: "ಐ ಕ್ಯಾನ್ ಸೀ ಯು, ಅಮ್ಮಾ!"

ನಾನು ಬೆಂಚಿನಲ್ಲಿ ಕೊಂಚ ಸರಿದು, ಬಾಯಮ್ಮನಿಗೆ ಕೂರುವಷ್ಟು ಜಾಗ ಬಿಟ್ಟೆ.