ಮಂಗಲ ವೈನಿ ಬಾಯಿ ಮುಚ್ಚಿದ ವರ್ಷ

ಮಂಗಲ ವೈನಿ ಬೈಯುವುದಕ್ಕೆ ಮೂರು ಭಾಷೆ ಇಟ್ಟುಕೊಂಡಿದ್ದರು. ನೀರು ಬಿಡಲು ಮರೆತ ಪುರಸಭೆಯ ಆಳಿಗೆ ಕನ್ನಡ, ಸಿಲಿಂಡರ್ ತಡವಾಗಿ ತಂದವನಿಗೆ ಹಿಂದಿ, ಅಂಗಳದಲ್ಲಿ ಒಣಹಾಕಿದ ಜೋಳಕ್ಕೆ ಬಾಯಿ ಹಾಕುವ ಆಡಿಗೆ ಮರಾಠಿ. ಗಂಡನಿಗೆ ಹೊತ್ತು ನೋಡಿ ಮೂರೂ. ಆ ಬೈಗುಳದಲ್ಲಿ ವಿಷ ಇರುತ್ತಿರಲಿಲ್ಲ. ಬೈಸಿಕೊಂಡ ನೀರಿನ ಆಳು ಅವರ ಮನೆಯಲ್ಲೇ ಚಹಾ ಕುಡಿದು ಹೋಗುತ್ತಿದ್ದ.

ಚಿಕ್ಕೋಡಿಯಲ್ಲಿ ನಾನು ಬಾಡಿಗೆಗಿದ್ದ ಕೋಣೆಗೂ ಅವರ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಆಗ ನಾನು ಒಂದು ಕನ್ನಡ ದಿನಪತ್ರಿಕೆಗೆ ಈ ಭಾಗದ ವರದಿಗಾರ. ಗಂಡ ರಾವಸಾಬಣ್ಣ ವಿದ್ಯುತ್ ಲೈನ್‌ಮ್ಯಾನ್, ಏಕಸಂಬಿಯವರು, ಮಾತು ಕಡಿಮೆ. ಅವರನ್ನು ಅಣ್ಣ ಎಂದು ಕರೆದದ್ದರಿಂದ ಇವರು ವೈನಿ, ಅಂದರೆ ಅತ್ತಿಗೆ, ಆದರು. ವೈನಿ ನನ್ನನ್ನು ಭಾವೋಜಿ ಎನ್ನುತ್ತಿದ್ದರು, ಮರಾಠಿ ಮನೆಗಳಲ್ಲಿ ಗಂಡನ ತಮ್ಮನನ್ನು ಕರೆಯುವ ಹಾಗೆ. ಅವರ ತವರು ಮರಾಠಿ ಮಾತಿನ ಕೊಗನೊಳ್ಳಿ. ಮದುವೆಯಾಗಿ ಬಂದಾಗ ಕನ್ನಡದಲ್ಲಿ ಎಣಿಸಲಷ್ಟೇ ಬರುತ್ತಿತ್ತಂತೆ. ನಾನು ನೋಡುವ ಹೊತ್ತಿಗೆ ಸಂತೆಯ ವ್ಯಾಪಾರಿಗಳನ್ನು ಕನ್ನಡದಲ್ಲೇ ಸೋಲಿಸುತ್ತಿದ್ದರು. ಕ್ರಿಯಾಪದ ಮಾತ್ರ ಆಗಾಗ ಗಡಿ ದಾಟಿ ಹೋಗುತ್ತಿತ್ತು. ಅತ್ತೆ ಗೌರವ್ವ ಅದನ್ನು ಬಂದವರೆದುರು ಅಣಕಿಸಿ ನಗಿಸುವರು. ವೈನಿಯೂ ನಗುವರು.

ಮುದ್ದಿಗೆ ಮಾತ್ರ ಅವರಲ್ಲಿ ಮರಾಠಿ ಒಂದೇ. ಮಗ ಸುಮಿತನನ್ನು ಸೊಂಟದ ಮೇಲಿಟ್ಟುಕೊಂಡು ಅಡುಗೆ ಮಾಡುತ್ತ, ಕಂಡದ್ದನ್ನೆಲ್ಲ ಅವನಿಗೆ ಹೇಳುತ್ತಿದ್ದರು. "ಬಘ ಸೋನ್ಯಾ, ಹಾ ಕಾಂದಾ. ಕಾಂದಾ ಚಿರಲಾ ಕೀ ಆಯಿ ರಡತೇ." ನೋಡು ಚಿನ್ನಾ, ಇದು ಉಳ್ಳಾಗಡ್ಡಿ, ಹೆಚ್ಚಿದರೆ ಅಮ್ಮ ಅಳುತ್ತಾಳೆ. ಗೋಡೆಯ ಈಚೆ ಸುದ್ದಿ ಬರೆಯುತ್ತ ಕುಳಿತ ನಾನು ಅವರ ಮನೆಯ ಪಲ್ಯ ಯಾವುದೆಂದು ದಿನವೂ ತಿಳಿಯುತ್ತಿದ್ದೆ.

ಸುಮಿತನಿಗೆ ಎರಡು ವರ್ಷ ತುಂಬುತ್ತ ಬಂದರೂ ಒಂದು ಮಾತೂ ಬರಲಿಲ್ಲ. ಮೊದಲು ಗಮನಿಸಿದ್ದು ವೈನಿಯೇ. ಕಿವಿ ಚುರುಕಾಗಿತ್ತು, ಕುಕ್ಕರ್ ಸಿಳ್ಳೆಗೆ ಓಡಿ ಬರುತ್ತಿದ್ದ, ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ನೀರು ಬೇಕಾದರೆ ಬೆರಳು ತೋರಿಸುತ್ತಿರಲಿಲ್ಲ. ತಾಯಿಯ ಮಣಿಕಟ್ಟು ಹಿಡಿದು ಎಳೆದೊಯ್ದು, ಆ ಕೈಯನ್ನೇ ಸೌಟಿನಂತೆ ಕೊಡದ ಮೇಲೆ ಇಡುತ್ತಿದ್ದ. ಮೂರು ಗಾಲಿಯ ಸೈಕಲ್ಲನ್ನು ಬೋರಲು ಹಾಕಿ, ಗಾಲಿ ತಿರುಗಿಸುತ್ತ ಹೊತ್ತು ಕಳೆಯುತ್ತಿದ್ದ. ಇದನ್ನೆಲ್ಲ ಅವರು ನನಗೆ ಒಂದೊಂದಾಗಿ ಹೇಳಿದರು. ವರದಿಗಾರಿಕೆಯಲ್ಲಿ ಅಷ್ಟು ಶುದ್ಧ ಸಾಕ್ಷ್ಯ ನನಗೆ ಹೆಚ್ಚು ಸಲ ಸಿಕ್ಕಿಲ್ಲ.

ಗೌರವ್ವನ ಉತ್ತರ ಸಿದ್ಧವಿತ್ತು. "ಗಂಡಸಮಕ್ಕಳು ತಡಾ ಮಾಡೇ ಮಾತಾಡ್ತಾವ. ಇವರಪ್ಪ ನಾಕ ವರ್ಷದ ತನಕ ಬಾಯಿ ಬಿಟ್ಟಿರಲಿಲ್ಲ. ಈಗೇನ ಕಂಬಾ ಹತ್ತವಲ್ನೇನು?" ಬಜೆ ತೇಯ್ದು ಮೊಮ್ಮಗನ ನಾಲಿಗೆಗೆ ಹಚ್ಚಿದರು. ವೈನಿ ತಡೆಯಲಿಲ್ಲ. ಆದರೆ ಡಾಕ್ಟರಿಗೆ ತೋರಿಸಲೇಬೇಕೆಂದು ಹಟ ಹಿಡಿದರು.

ತೋರಿಸಲು ಹೋದ ದಿನ ಎಲ್ಲಿಯೋ ಟ್ರಾನ್ಸ್‌ಫಾರ್ಮರ್ ಸುಟ್ಟು ರಾವಸಾಬಣ್ಣ ಬರಲಾಗಲಿಲ್ಲ. ನಾನು ಸ್ಕೂಟರ್ ಮೇಲೆ ಕರೆದೊಯ್ದೆ. ಊರಿನಲ್ಲಿ ಹೆಸರಿದ್ದ ಮಕ್ಕಳ ದವಾಖಾನೆ ಅದು. ಒಳಗೆ ಹೋದಾಗ ವೈದ್ಯರು ಹಿಂದಿನ ರೋಗಿಯ ಚೀಟಿ ಬರೆಯುತ್ತಿದ್ದರು. ವೈನಿ ಮಗನನ್ನು ಸ್ಟೂಲಿನ ಮೇಲೆ ಕೂರಿಸುತ್ತ, "ಬಸ್ ರೇ ಸೋನ್ಯಾ" ಅಂದರು.

ವೈದ್ಯರು ತಲೆ ಎತ್ತದೆ ಕೇಳಿದರು: "ಮನ್ಯಾಗ ಮರಾಠಿ ಮಾತಾಡ್ತೀರೇನು?"

"ನಾ ಮಾತಾಡ್ತೇನ್ರಿ. ಇವನ ಪಪ್ಪಾ, ಅಜ್ಜಿ ಕನ್ನಡ ಮಾತಾಡ್ತಾರ. ಸಾಹೇಬ್ರ, ಇಂವಾ ಹೆಸರ ಹಿಡದ ಕರದ್ರ—"

"ಅಷ್ಟ. ರೋಗ ಸಿಕ್ತು." ಚೀಟಿ ಹರಿದು ಕಂಪೌಂಡರ್ ಕೈಗೆ ಕೊಟ್ಟರು. "ಎರಡ ಭಾಷಾ ಕೇಳಿ ಕೂಸಿನ ತಲಿ ಗೊಂದಲ ಆಗೈತಿ. ಮರಾಠಿ ಬಂದ್ ಮಾಡ್ರಿ. ಒಂದ ಭಾಷಾ ಇಡ್ರಿ. ತಾನ ಮಾತಾಡ್ತಾನ."

"ತಿರುಗಿ ನೋಡಂಗಿಲ್ರಿ ಸಾಹೇಬ್ರ. ಕಣ್ಣಾಗ ಕಣ್ಣಿಟ್ಟು—"

ವೈದ್ಯರು ಆಗ ತಲೆ ಎತ್ತಿದರು. ನೋಡಿದ್ದು ನನ್ನನ್ನು. ಗಂಡನೆಂದು ತಿಳಿದಿರಬೇಕು. "ನೀವರೆ ಹೇಳ್ರಿ ಇವ್ರಿಗೆ. ಭಾಳ ವಿಚಾರ ಮಾಡ್ತಾರ." ನಂತರ ಬಾಗಿಲ ಕಡೆ ಕೂಗಿದರು: "ಮುಂದಿನವ್ರನ್ನ ಕಳಸು."

ಅವರು ಮಗುವನ್ನು ಮುಟ್ಟಲಿಲ್ಲ. ಹೆಸರು ಕೇಳಲಿಲ್ಲ. ಅವನ ಮುಖ ನೋಡಲಿಲ್ಲ. ಇದು ನನ್ನ ಅಭಿಪ್ರಾಯವಲ್ಲ, ನಾನು ಮೇಜಿನ ಇನ್ನೊಂದು ಬದಿಗೆ ನಿಂತಿದ್ದೆ.

ಮನೆಯಲ್ಲಿ ಈ ಮಾತು ಕಾನೂನಾಯಿತು. ಗೌರವ್ವ ಅದಕ್ಕೆ ಒಂದು ಕಲಮು ತಾವೇ ಸೇರಿಸಿದರು. "ನಿನ್ನ ಕನ್ನಡಾನೂ ಅರ್ಧಾ ಮರಾಠೀನ ಐತಿ. ಅದನ್ನ ಕೇಳಿದ್ರ ಕೂಸಿಗೆ ಮತ್ತ ಗೊಂದಲ. ನೀ ಅವನ ಮುಂದ ಸುಮ್ನಿದ್ದುಬಿಡ. ನಾವು ಮಾತಾಡ್ತೇವಿ." ರಾವಸಾಬಣ್ಣನೋ, ಡಾಕ್ಟರು ಹೇಳಿದ್ದು, ತಾಯಿ ಹೇಳಿದ್ದು, ನಡುವೆ ತಾನೇನು ಹೇಳುವುದು ಎಂಬ ಮನುಷ್ಯ.

ವೈನಿ ಸುಮ್ಮನಾದರು. ಮಗನಿಗೆ ಒಳ್ಳೆಯದಾಗುತ್ತದೆ ಎಂದು ನಂಬಿ ಸುಮ್ಮನಾದರು, ಅದನ್ನು ಬರೆದಿಡಬೇಕು. ಮಗ ಸದಾ ಜೊತೆಗೇ ಇದ್ದುದರಿಂದ ಉಳಿದವರೊಂದಿಗೂ ಮಾತು ನಿಂತಿತು. ಗೋಡೆಯ ಆಚೆ ಪಾತ್ರೆಯ ಸದ್ದು, ಚಾಕುವಿನ ಸದ್ದು, ನೀರಿನ ಸದ್ದು ಬರುತ್ತಿತ್ತು. ಪಲ್ಯ ಯಾವುದೆಂದು ತಿಳಿಯುತ್ತಿರಲಿಲ್ಲ. ಓಣಿಯ ಹೆಂಗಸರು ಮೊದಮೊದಲು ತಮಾಷೆ ಮಾಡಿದರು. "ಏನವಾ ಮಂಗಲಾ, ಮೌನಗೌರಿ ವ್ರತಾ ಹಿಡದೀಯೇನ?" ಆಮೇಲೆ ಅವರಿಗೂ ರೂಢಿಯಾಯಿತು. ಒಂದು ಮಧ್ಯಾಹ್ನ ಸುಮಿತ ಕಟ್ಟೆಯಿಂದ ಬಿದ್ದು ಗದ್ದ ಒಡೆದುಕೊಂಡ. ಓಡಿಬಂದ ವೈನಿಯ ಬಾಯಿ ತೆರೆಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ವೈನಿ ತುಟಿ ಕಚ್ಚಿ, ಮಗನ ತಲೆಯನ್ನು ಎದೆಗೊತ್ತಿಕೊಂಡು, ಸದ್ದಿಲ್ಲದೆ ತೂಗಿದರು. ಮೂರು ಭಾಷೆಯ ಹೆಂಗಸು ರಕ್ತ ಸುರಿಸುವ ಮಗನಿಗೆ "ಅಳಬೇಡ" ಎನ್ನಲು ಅಪ್ಪಣೆ ಇಲ್ಲದೆ ಕುಳಿತದ್ದನ್ನು ನಾನು ಕಂಡಿದ್ದೇನೆ.

ಬೇರೆ ಕಡೆಯೂ ತೋರಿಸಿದರು. ನಿಪ್ಪಾಣಿಯಲ್ಲಿ ಒಬ್ಬರು ಟಾನಿಕ್ ಬರೆದುಕೊಟ್ಟರು. ಅಥಣಿಯಲ್ಲಿ ಕಿವಿ ಪರೀಕ್ಷೆ ಮಾಡಿ ಕಿವಿ ಸರಿ ಇದೆ ಎಂದರು. ಹಾಗಾದರೆ ತೊಂದರೆ ಎಲ್ಲಿದೆ ಎಂದು ರಾವಸಾಬಣ್ಣ ಕೇಳಿದ್ದಕ್ಕೆ, "ಕಿವಿ ನೋಡೂದಷ್ಟ ನನ್ನ ಕೆಲಸಾ" ಎಂಬ ಉತ್ತರ ಬಂತು. ರಾಯಬಾಗದಲ್ಲಿ ಮೇಷ್ಟರಾಗಿದ್ದ ಅವರ ಸಂಬಂಧಿಕರೊಬ್ಬರು, ಮರಾಠಿ ಬಿಡಿಸಿದ್ದು ಬಹಳ ಚಲೋ ಆಯಿತು, ಮುಂದೆ ಸಾಲೆಗೂ ಅನುಕೂಲ ಎಂದು ಬೆನ್ನು ತಟ್ಟಿದರು. ಎಲ್ಲರೂ ಓದಿದವರು. ಪ್ರತಿ ಊರಿನಿಂದಲೂ ವೈನಿ ಬಸ್ಸಿಳಿದು, ಮಗನನ್ನು ಎತ್ತಿಕೊಂಡು, ಮಾತಿಲ್ಲದೆ ಮನೆಗೆ ನಡೆದು ಬರುತ್ತಿದ್ದರು.

ಹೀಗೆ ಒಂದು ವರ್ಷ ಹೋಯಿತು. ಸುಮಿತ ಕನ್ನಡವನ್ನೂ ಆಡಲಿಲ್ಲ.

ಕಾಗವಾಡದಲ್ಲಿ ರಾವಸಾಬಣ್ಣನ ಚಿಕ್ಕಪ್ಪನ ಮಗಳ ಮದುವೆ. ನಾನೂ ಹೋಗಿದ್ದೆ. ಕಬ್ಬು ಸಾಗಿಸುವ ದಿನಗಳು. ಮಂಟಪದ ಮುಂದಿನ ರಸ್ತೆಯಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಒಂದರ ಹಿಂದೊಂದು. ಅಕ್ಷತೆ ಬಿದ್ದ ಗದ್ದಲದಲ್ಲಿ ಸುಮಿತ ಅಜ್ಜಿಯ ಕೈ ಬಿಡಿಸಿಕೊಂಡು ಹೊರಗೆ ಹೋದ. ಅವನನ್ನು ಎಳೆದದ್ದು ಗಾಲಿಗಳು. ನಾವು ನೋಡುವ ಹೊತ್ತಿಗೆ ಡಾಂಬರಿನ ಅಂಚಿಗೆ ತಲುಪಿದ್ದ.

"ಸುಮಿತಾ! ಏ ಸುಮಿತಾ! ನಿಂದರೋ!" ಗೌರವ್ವ ಕೂಗಿದರು. ರಾವಸಾಬಣ್ಣ ಕೂಗಿದರು. ಹತ್ತಾರು ಜನ ಕನ್ನಡದಲ್ಲಿ ಕೂಗಿದರು. ಅವನು ನಡೆಯುತ್ತಲೇ ಇದ್ದ.

ಆಗ ವೈನಿಯ ದನಿ ಕೇಳಿತು. ವರ್ಷದ ಮೇಲೆ ಕೇಳಿದ ದನಿ. "ಸೋನ್ಯಾ! ಥಾಂಬ ರೇ! ಥಾಂಬ!"

ಅದಕ್ಕೂ ಅವನು ತಿರುಗಲಿಲ್ಲ.

ವೈನಿ ಜರಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಓಡಿ ಅವನ ರಟ್ಟೆ ಹಿಡಿದು ಎಳೆದರು. ಟ್ರ್ಯಾಕ್ಟರು ಹಾರ್ನ್ ಒದರುತ್ತ ಪಕ್ಕದಲ್ಲೇ ಹೋಯಿತು. ಎಲ್ಲರೂ ಸುತ್ತ ಸೇರಿದರು. ಗೌರವ್ವ ಅಳುತ್ತ, "ದೇವರ ದೊಡ್ಡಾಂವ" ಎಂದು ಶುರು ಮಾಡಿದರು.

"ದೇವರನ್ನ ಆಮ್ಯಾಗ ನೋಡೂಣು, ಅತ್ತೀ." ವೈನಿ ಮಗನ ರಟ್ಟೆ ಬಿಟ್ಟಿರಲಿಲ್ಲ. "ನೀವು ಕನ್ನಡದಾಗ ಕರದ್ರಿ, ನಿಂದರಲಿಲ್ಲ. ನಾ ಮರಾಠಿಯೊಳಗ ಕರದೆ, ನಿಂದರಲಿಲ್ಲ. ಹಂಗಾರ ಇದು ಭಾಷಾದ್ದು ಹ್ಯಾಂಗ ಆತು? ಹೇಳ್ರಿ. ಒಂದ ವರ್ಷ ನನ್ನ ಬಾಯಿ ಹೊಲದಿಟ್ರೆಲ್ಲಾ, ಯಾತಕ್ಕ?"

"ಮಂಗಲ್, ಮಂದಿ ಅದಾರ," ಎಂದರು ರಾವಸಾಬಣ್ಣ.

"ಅಹೋ, ಮಂದಿ ಇರಲಿ. ಮಂದೀಗೂ ಕಿವಿ ಅದಾವ. ಇಲ್ಲಿಂದ ಮಿರಜದ ದೊಡ್ಡ ದವಾಖಾನಿ ಹತ್ರ ಐತಿ. ನಾ ಹೊಂಟೇನಿ. ನೀವು ಬರ್ತೀರೋ, ಊಟಾ ಮಾಡ್ತೀರೋ?"

ರಾವಸಾಬಣ್ಣ ಹೋದರು. ಜರಿ ಸೀರೆ, ಮುಡಿಯ ಹೂವು, ಅಕ್ಷತೆಯ ಕಾಳು ಅಂಟಿದ ಮಗು, ಹಾಗೆಯೇ ಮಿರಜದ ಬಸ್ಸು ಹತ್ತಿದರು. ಅಲ್ಲಿಯ ಆಸ್ಪತ್ರೆಯಲ್ಲಿ ಮುಂದಿನ ವಾರಕ್ಕೆ ಸಮಯ ಕೊಟ್ಟರು. ಆ ದಿನ ನಡೆದದ್ದನ್ನು ಆಮೇಲೆ ವೈನಿಯೇ ಹೇಳಿದರು. ಒಬ್ಬ ಹೆಣ್ಣುಮಗಳು ಡಾಕ್ಟರು ನೆಲದ ಮೇಲೆ ಚಾಪೆ ಹಾಸಿ ಸುಮಿತನ ಎದುರು ಕುಳಿತರು. ಗೊಂಬೆ ಕೊಟ್ಟರು, ಗುಳ್ಳೆ ಊದಿದರು, ಕರೆದರು, ಕಾದರು. ವೈನಿ ಬಾಯಿ ತೆರೆದಾಗ ತಡೆಯಲಿಲ್ಲ. ಹೆಸರಿಗೆ ತಿರುಗದ್ದು, ಮಣಿಕಟ್ಟು ಎಳೆಯುವುದು, ಗಾಲಿ, ಎಲ್ಲ ಕೇಳಿಕೊಂಡರು. ಕೊನೆಗೆ ಆಟಿಸಂ ಎಂಬ ಮಾತು ಹೇಳಿದರು. ಅದು ಏನು, ಏನಲ್ಲ, ಏನೇನು ತರಬೇತಿ ಬೇಕು ಎಂದು ಸಾವಕಾಶವಾಗಿ ತಿಳಿಸಿದರು. ಎರಡು ಭಾಷೆಯಿಂದ ಇದು ಬರುವುದಿಲ್ಲ ಎಂದರು.

"ಮನ್ಯಾಗ ನೀವು ಅವನ ಜೋಡಿ ಏನ ಮಾತಾಡ್ತೀರಿ ಅಂತ ಕೇಳಿದ್ರು, ಭಾವೋಜಿ. ಏನೂ ಇಲ್ರಿ ಅಂದೆ. ಅವರಿಗೆ ತಿಳೀಲಿಲ್ಲ. ಏನೂ ಇಲ್ಲ ಅಂದ್ರ ಏನು ಅಂತ ಕೇಳಿದ್ರು. ಏನೂ ಇಲ್ರಿ, ಡಾಕ್ಟರ್ ಹೇಳಿದ್ರು, ಬಂದ್ ಮಾಡೇನಿ ಅಂದೆ. ಆ ಡಾಕ್ಟರಬಾಯಿ ನನ್ನ ಮುಖಾ ನೋಡಿದ್ರು. ಆಮ್ಯಾಗ ಹೇಳಿದ್ರು, ಇವತ್ತಿನಿಂದ ಮಾತಾಡ್ರಿ, ನಿಮಗ ಸಲೀಸ ಬರೂದರಾಗ ಮಾತಾಡ್ರಿ. ನಾ ಕೇಳಿದೆ, ಒಂದ ವರ್ಷ ಮೊದಲ ಬಂದಿದ್ರ? ಅವರು ತರಬೇತಿ ತಾರೀಖ ಬರದ ಕೊಟ್ರು."

ಮರುದಿನ ವೈನಿ ಚಿಕ್ಕೋಡಿಯ ಆ ದವಾಖಾನೆಗೆ ಹೋದರು. ನನಗೆ "ಬರ್ರಿ" ಅಂದರು, ಹೋದೆ. ಎಲ್ಲರಂತೆ ನಂಬರು ಹಚ್ಚಿ, ಸರದಿ ಬರುವ ತನಕ ಮಗನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಒಳಗೆ ಹೋಗಿ ನಿಂತರು.

"ಏನಾಗೈತ್ರಿ?" ಎಂದರು ವೈದ್ಯರು.

"ನಮಗ ಔಷಧ ಬ್ಯಾಡ್ರಿ. ಇವನ ಮುಖಾ ಒಂದ ಸಲ ನೋಡ್ರಿ. ಹ್ವಾದ ವರ್ಷ ನೋಡೂದ ಬಿಟ್ಟೀರಿ."

ವೈದ್ಯರಿಗೆ ನೆನಪಿರಲಿಲ್ಲ. ನಟನೆಯಲ್ಲ, ನಿಜವಾಗಿ ನೆನಪಿರಲಿಲ್ಲ. ವೈನಿ ನೆನಪು ಮಾಡಿಕೊಟ್ಟರು. ಮಿರಜದಲ್ಲಿ ಹೇಳಿದ್ದನ್ನೂ ಹೇಳಿದರು.

"ಆವಾಗ ನನಗ ಹಂಗ ಅನಿಸಿತ್ರಿ. ನಿಮ್ಮ ಚಲೋದಕ್ಕ ಹೇಳಿದ್ದು."

"ನೋಡಿ ತಪ್ಪ ಹೇಳಿದ್ರ ಮನಷ್ಯಾ ಅಂತ ಬಿಡ್ತಿದ್ದೆ. ನೀವು ನೋಡಲಿಲ್ಲ."

"ಬಾಯಾರ, ಹೊರಗ ಪೇಶಂಟ್ ಅದಾರ. ಸಾವಕಾಶ," ಎಂದ ಕಂಪೌಂಡರ್.

"ಸಾವಕಾಶ ಒಂದ ವರ್ಷ ಮಾಡೇನಪಾ." ಹೊರಗೆ ಬಂದು ಬೆಂಚಿನ ಮೇಲಿದ್ದವರನ್ನು ಕೇಳಿದರು: "ಕೂಸು ಮಾತಾಡಂಗಿಲ್ಲಂತ ಬಂದವ್ರ ಯಾರರೆ ಅದೀರೇನು? ಇದ್ರ ಎದ್ದ ಮಿರಜಕ್ಕ ನಡೀರಿ." ಯಾರೂ ಏಳಲಿಲ್ಲ. ಒಬ್ಬರು ಗೋಡೆಯ ಕ್ಯಾಲೆಂಡರ್ ನೋಡಿದರು. ಮುಂದಿನ ನಂಬರಿನವರು ಒಳಗೆ ಹೋದರು.

ನಾನು ಇದನ್ನು ಬರೆದು ಕಳಿಸಿದೆ. ಅದು ಗಡಿ ವಿವಾದದಲ್ಲಿ ಬಸ್ಸಿನ ಬೋರ್ಡುಗಳಿಗೆ ಎರಡೂ ಕಡೆಯವರು ಮಸಿ ಬಳಿಯುತ್ತಿದ್ದ ಕಾಲ. ಸುದ್ದಿಮನೆಯಿಂದ ಫೋನ್ ಬಂತು: ಗಡಿಯ ಮನೆಯೊಳಗೆ ಭಾಷೆಯ ಜಗಳ ಎಂಬಂತೆ ತಿದ್ದಿದರೆ ಮುಖಪುಟಕ್ಕೆ ಹೋಗುತ್ತದೆ. ವೈನಿಯನ್ನು ಕೇಳಿದೆ.

"ಭಾಷಾಕ್ಕ ಯಾಕ ಬೈತೀರಿ? ಕನ್ನಡ ನನಗೇನ ಮಾಡೈತಿ? ಆ ಮನಷ್ಯಾ ತಲಿ ಎತ್ತಲಿಲ್ಲ, ಅಷ್ಟ ಬರೀರಿ."

ಅಷ್ಟನ್ನೇ ಬರೆದದ್ದು ಅಚ್ಚಾಗಲಿಲ್ಲ. ತಲೆ ಎತ್ತದಿರುವುದು ನಮ್ಮ ಪತ್ರಿಕೆಗೆ ಸುದ್ದಿಯಾಗಿರಲಿಲ್ಲ.

ರಾವಸಾಬಣ್ಣ ಓಡಾಡಿ ಕಾಗವಾಡಕ್ಕೆ ವರ್ಗ ಮಾಡಿಸಿಕೊಂಡರು, ಮಿರಜದ ತರಬೇತಿಗೆ ಹತ್ತಿರವಾಗಲೆಂದು. ಗೌರವ್ವ ಏಕಸಂಬಿಗೆ ಮರಳಿದರು. ಪಕ್ಕದ ಮನೆಗೆ ಬೇರೆ ಜನ ಬಂದರು.

ಅವರನ್ನು ಕೊನೆಯ ಸಲ ಕಂಡದ್ದು ಕೆಲವು ವರ್ಷಗಳ ಮೇಲೆ, ಕಾಗವಾಡದ ಬಸ್ ನಿಲ್ದಾಣದಲ್ಲಿ. ಸುಮಿತ ಉದ್ದವಾಗಿದ್ದ. ನನ್ನನ್ನು ನೋಡಲಿಲ್ಲ, ಬಸ್ಸುಗಳ ಗಾಲಿ ನೋಡುತ್ತಿದ್ದ. ಬೇಕಾದ್ದನ್ನು ಕೆಲವು ಮಾತಿನಲ್ಲಿ ಹೇಳುತ್ತಾನೆ, ಎಲ್ಲ ಮರಾಠಿ, ಎಂದರು ವೈನಿ. ಚೆನ್ನಾಗಿದೆಯಲ್ಲ ಎಂದೆ. ಅದು ಹೇಳಬಾರದ ಮಾತಾಗಿತ್ತು.

"ಚಲೋ ಐತಿ ಭಾವೋಜಿ. ಆದ್ರ ಆ ವರ್ಷಾ? ಎರಡ ವರ್ಷದ ಕೂಸಿಗೆ ಒಂದ ವರ್ಷ ಅಂದ್ರ ಎಷ್ಟಾತು? ದಿನಾ ಅವನ ಜೋಡಿ ಎಷ್ಟ ಮಾತಾಡ್ತಿದ್ದೆ ನಾ! ಅದನ್ನೆಲ್ಲಾ ನುಂಗೇನಿ. ಆ ಡಾಕ್ಟರ್ ಈಗ ಮ್ಯಾಲ ಎರಡ ಮಜಲಾ ಕಟ್ಟಸ್ಯಾನಂತ. ಸಿಟ್ಟ ಬಿಡ ಅಂತಾರ ಎಲ್ಲಾರೂ, ಯಾಕ ಬಿಡಬೇಕು? ನಾ ಏನ—"

"ಪುರೇ," ಎಂದ ಸುಮಿತ.

ನಮ್ಮ ಕಡೆ ತಿರುಗದೆ, ಗಾಲಿಯ ಮೇಲಿಂದ ಕಣ್ಣು ತೆಗೆಯದೆ ಹೇಳಿದ. ಸ್ಪಷ್ಟವಾದ, ಸ್ವಲ್ಪ ಬೇಸರದ ದನಿ.

ವೈನಿ ಅರ್ಧ ವಾಕ್ಯದಲ್ಲಿ ನಿಂತರು. ಅವರ ಬಸ್ಸು ಬಂದು ನಿಂತಿತ್ತು. ಮಗನ ಕೈ ಹಿಡಿದು ಎದ್ದರು, ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಸಾಕು ಅಂತಾನ. ಅಂವಾ ಅಂದ್ರ ಸುಮ್ನಾಗ್ತೇನಿ ಭಾವೋಜಿ. ಅಂವಾ ಒಬ್ಬ ಅಂದ್ರ."